ಲೇಹ್‌ಗೆ ಹೋಗಿ ನಾನು ಮೂರು ಕೆಜಿ ಇಳಿದೆ, ಗೊರಕೆ ಹೊಡೆಯೋ ಅಣ್ಣ ಏರುತ್ತಲೇ ಇದ್ದಾನೆ. ಆಕ್ಸಿಜನ್ ಕಥೆ ಏನು?

ತುಮಕೂರು ಚಾರಣಿಗ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ವಿಚಿತ್ರ ಪ್ರಶ್ನೆ ಇದೆ, ನಗಬೇಡಿ.

ಹೋದ ತಿಂಗಳು ನಾಲ್ಕು ಜನ ಸ್ನೇಹಿತರು ಸೇರಿ ಲಡಾಖ್‌ಗೆ ಹೋಗಿದ್ದೆವು. ಹನ್ನೆರಡು ದಿನ. ಓಡಾಟವೆಲ್ಲ ಬಾಡಿಗೆ ಗಾಡಿಯಲ್ಲಿ, ಹಾಗಾಗಿ ಮೈ ಮುರಿದು ನಡೆದೆ ಅಂತ ಹೇಳೋ ಹಾಗಿಲ್ಲ. ಲೇಹ್‌ನಲ್ಲಿ ಇಳಿದಾಗ ಬ್ಯಾಗಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಊದಿಕೊಂಡಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 86. ಎಂಟು ಇಡ್ಲಿ ಸಲೀಸಾಗಿ ಇಳಿಸುವ ನಾನು, ಎದುರಿಗೆ ಬಿಸಿ ಬಿಸಿ ಮೊಮೊ ಇದ್ದರೂ ಎರಡಕ್ಕೆ ಸಾಕು ಅಂದೆ. ಹಸಿವೇ ಇಲ್ಲ. ಊರಿಗೆ ಬಂದು ತೂಕ ನೋಡಿದರೆ 84 ಇದ್ದದ್ದು 81. ಬೆಲ್ಟ್ ಒಂದು ತೂತು ಒಳಗೆ ಹೋಯಿತು. ಆಫೀಸಿನಲ್ಲಿ ಎಲ್ಲರೂ "ಏನ್ ಡಯಟ್ ಗುರು" ಅಂತ ಕೇಳುತ್ತಿದ್ದಾರೆ.

ಇನ್ನೊಂದು ಕಡೆ ನಮ್ಮಣ್ಣ. 46 ವಯಸ್ಸು, ಗೂಡ್ಸ್ ಗಾಡಿ ಓಡಿಸುತ್ತಾನೆ. ಎರಡು ವರ್ಷದಲ್ಲಿ 94ರಿಂದ 103 ಆಗಿದ್ದಾನೆ. ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಇಳಿಸಿದ್ದಾನೆ, ಆದರೂ. ರಾತ್ರಿ ಎಂಟಕ್ಕೇ ಟಿವಿ ಮುಂದೆ ತೂಕಡಿಕೆ. ಗೊರಕೆ ಅಂದರೆ ಪಕ್ಕದ ಮನೆಯವರಿಗೂ ಕೇಳುತ್ತದೆ. ಅತ್ತಿಗೆ ಹೇಳೋದು: "ಗೊರಕೆ ಹೊಡೀತಾ ಹೊಡೀತಾ ಇದ್ದಕ್ಕಿದ್ದಂತೆ ನಿಂತುಬಿಡುತ್ತೆ. ಉಸಿರೇ ಇಲ್ಲ. ಎದ್ದು ಕೂತು ಅಲ್ಲಾಡಿಸೋಣ ಅನ್ನೋಷ್ಟರಲ್ಲಿ ಕುದುರೆ ಥರ ಕೆನೆದು ಮತ್ತೆ ಶುರು." ಒಬ್ಬ ಡಾಕ್ಟರ್ ಹತ್ತಿರ ಹೋದರೆ "ವಾಕಿಂಗ್ ಮಾಡಿ, ತೂಕ ಇಳಿಸಿ" ಅಂದು ಎರಡು ನಿಮಿಷದಲ್ಲಿ ಕಳಿಸಿದರು. ರಾತ್ರಿ ಅವನಿಗೆ ಆಕ್ಸಿಜನ್ ಕಡಿಮೆ ಆಗುತ್ತೆ, ಅದಕ್ಕೇ ದಪ್ಪ ಆಗುತ್ತಿದ್ದಾನೆ ಅಂತ ಗೆಳೆಯನೊಬ್ಬ ಹೇಳಿದ.

ಈಗ ಹೇಳಿ. ಆಕ್ಸಿಜನ್ ಕಡಿಮೆಯಾಗಿ ನಾನು ಇಳಿದೆ. ಆಕ್ಸಿಜನ್ ಕಡಿಮೆಯಾಗಿ ಅವನು ಏರಿದ. ಎರಡೂ ಹೇಗೆ ನಿಜ?

ಲೆಕ್ಕದ ಮೇಷ್ಟ್ರು · ಭಾನುವಾರ ರಾತ್ರಿ 10:05

ಮೊದಲು ಆ ಮೂರು ಕೆಜಿಯಲ್ಲಿ ನೀರೆಷ್ಟು ಅಂತ ನೋಡಿ. ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ಮೂತ್ರ ಜಾಸ್ತಿ ಹೋಗುತ್ತದೆ. ಒಣ ಗಾಳಿಯಲ್ಲಿ ಉಸಿರಿನ ಜೊತೆಗೂ ನೀರು ಹೋಗುತ್ತದೆ. ಊರಿಗೆ ಬಂದು ನಾಲ್ಕು ದಿನ ಅನ್ನ ಸಾರು ಉಂಡರೆ ಅದು ಹಾಗೇ ವಾಪಸ್. ಆರು ವಾರ ಬಿಟ್ಟು ಮತ್ತೆ ತೂಕ ನೋಡಿ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಬೆಲ್ಟಿಗೆ ಹೊಸ ತೂತು ಹೊಡೆಸಬೇಡಿ.

ಮಾಜಿ ಫೌಜಿ · ಸೋಮವಾರ ಬೆಳಿಗ್ಗೆ 5:50

ಚಾರಣಿಗರು ಹೇಳಿದ್ದು ಸುಳ್ಳಲ್ಲ ಮೇಷ್ಟ್ರೇ. ಸೇವೆಯಲ್ಲಿದ್ದಾಗ 5,000 ಮೀಟರ್ ಮೇಲಿನ ಪೋಸ್ಟ್‌ನಲ್ಲಿ ಮೂರು ತಿಂಗಳು ಇದ್ದೆ. ಅಲ್ಲಿ ಊಟದ ಹೊತ್ತು ಅಂದರೆ ಶಿಕ್ಷೆ. ರೇಷನ್‌ಗೆ ಕೊರತೆ ಇರಲಿಲ್ಲ. ಗೋಡಂಬಿ, ಬಾದಾಮಿ, ಚಾಕೊಲೇಟ್, ಡಬ್ಬಿಯ ಅನಾನಸ್ ಎಲ್ಲ ಇತ್ತು. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಷ್ಟೇ. ನೀರು 82, 83 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವ ಮಾತೇ ಇಲ್ಲ. ಬಿಸಿನೀರಿಗೆ ಹಾಕಿ ಕತ್ತರಿಸಿ ತಿನ್ನುವ ಪೊಟ್ಟಣದ ಊಟವೇ ಗತಿ. ಆ ಥರದ ಊಟ ಎಷ್ಟೋ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ ತಯಾರಾದ ಪಾಕ. 1961ರಲ್ಲಿ ಶುರುವಾದ ಸಂಸ್ಥೆ ಅದು. ಮೈಸೂರಿನವರದ್ದು ಅನ್ನೋ ಒಂದೇ ಕಾರಣಕ್ಕೆ ಎರಡು ತುತ್ತು ಜಾಸ್ತಿ ತಿಂದಿದ್ದೇನೆ.

ಕೆಳಗೆ ಇಳಿದಾಗ ಒಂಬತ್ತು ಕೆಜಿ ಕಡಿಮೆ ಆಗಿದ್ದೆ. ಆದರೆ ಹೋಗಿದ್ದು ಹೊಟ್ಟೆಯಲ್ಲ. ತೊಡೆ, ತೋಳು. ಪ್ಯಾಂಟು ತೊಡೆಯ ಹತ್ತಿರ ಜೋತಾಡುತ್ತಿತ್ತು, ಸೊಂಟದಲ್ಲಿ ಅಷ್ಟೇನೂ ಇಲ್ಲ. ನಮ್ಮ ಕಡೆ ಇದಕ್ಕೆ ತೂಕ ಇಳಿಸೋದು ಅನ್ನಲ್ಲ, ಸೊರಗೋದು ಅಂತಾರೆ.

ಇಲಿಬೋನು · ಸೋಮವಾರ ಮಧ್ಯಾಹ್ನ 1:15

ಕೆಲಸದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಇಲಿಗಳಿಗೆ ಮೇವು ಹಾಕಿ ತೂಕ ನೋಡೋದೇ ಎಂಟು ವರ್ಷದಿಂದ ನನ್ನ ಕಾಯಕ, ಹೆಸರೂ ಅದಕ್ಕೇ.

ಜೀವಕೋಶಕ್ಕೆ ಆಕ್ಸಿಜನ್ ಕಡಿಮೆ ಅಂತ ಗೊತ್ತಾಗೋದು ಹೇಗೆ ಅನ್ನೋದೇ ಒಂದು ಸೊಗಸಾದ ಕಥೆ. 2019ರಲ್ಲಿ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಮೂವರಿಗೆ ಇದಕ್ಕೇ ನೊಬೆಲ್ ಬಂತು. ಕೋಶದೊಳಗೆ ಹಿಫ್ ಅನ್ನೋ ಪ್ರೋಟೀನ್ ಸದಾ ತಯಾರಾಗುತ್ತಲೇ ಇರುತ್ತದೆ, ಮನೆಗೆ ದಿನಾ ಪೇಪರ್ ಬಂದ ಹಾಗೆ. ರದ್ದಿಯವನು ಬಂದು ಎತ್ತಿಕೊಂಡು ಹೋಗುತ್ತಲೂ ಇರುತ್ತಾನೆ, ಕೆಲವೇ ನಿಮಿಷದಲ್ಲಿ. ಈ ರದ್ದಿಯವನು ಒಂದು ಕಿಣ್ವ, ಅವನಿಗೆ ಕೂಲಿ ಆಕ್ಸಿಜನ್ನೇ. ಕೂಲಿ ಇಲ್ಲದ ದಿನ ಅವನು ಬರಲ್ಲ. ಪೇಪರ್ ರಾಶಿ ಬೀಳುತ್ತದೆ. ರಾಶಿ ಬಿದ್ದ ಹಿಫ್ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳ ಸ್ವಿಚ್ ಹಾಕುತ್ತದೆ. ಕೆಂಪು ರಕ್ತಕಣ ಜಾಸ್ತಿ ಮಾಡು, ಹೊಸ ರಕ್ತನಾಳ ಬೆಳೆಸು, ಆಕ್ಸಿಜನ್ ಬೇಡದ ದಾರಿಯಲ್ಲಿ ಸಕ್ಕರೆ ಉರಿಸು ಅಂತ.

ಈ ಕೊನೆಯದೇ ನಮ್ಮ ವಿಷಯಕ್ಕೆ ಮುಖ್ಯ. ಒಂದು ಗ್ಲೂಕೋಸ್ ಅಣುವನ್ನು ಆಕ್ಸಿಜನ್ ಜೊತೆ ಉರಿಸಿದರೆ ಸುಮಾರು 30 ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ, ಸಿಗುತ್ತದೆ. ಆಕ್ಸಿಜನ್ ಇಲ್ಲದೆ ಬರೀ 2. ದುಬಾರಿ ಒಲೆ. ಕೊಬ್ಬು ಉರಿಯಬೇಕಾದರಂತೂ ಆಕ್ಸಿಜನ್ ಬೇಕೇ ಬೇಕು. ಆದ್ದರಿಂದ "ಆಕ್ಸಿಜನ್ ಕಡಿಮೆ ಆದರೆ ಕೊಬ್ಬು ಕರಗುತ್ತೆ" ಅನ್ನೋದು ಮೂಲದಲ್ಲೇ ತಲೆಕೆಳಗು ಮಾತು. ನೀವು ಇಳಿದದ್ದು ಒಲೆಯಿಂದಲ್ಲ, ತಟ್ಟೆಯಿಂದ. ಮೊಮೊ ಎರಡಕ್ಕೆ ನಿಂತಿತಲ್ಲ, ಅಲ್ಲಿ.

ಲೆಕ್ಕದ ಮೇಷ್ಟ್ರು · ಸೋಮವಾರ ಮಧ್ಯಾಹ್ನ 2:02

ಚಳಿ, ಪ್ರಯಾಣದ ಆಯಾಸ, ಹೊಸ ಊರಿನ ಊಟ. ಹಸಿವು ಸಾಯೋದಕ್ಕೆ ಇವೂ ಕಾರಣ ಇರಬಹುದಲ್ಲ? ಆಕ್ಸಿಜನ್ ಒಂದನ್ನೇ ಬೇರೆ ಮಾಡಿ ನೋಡಿದವರು ಯಾರಾದರೂ ಇದ್ದಾರಾ?

ಇಲಿಬೋನು · ಸೋಮವಾರ ಸಂಜೆ 6:30

ಇದ್ದಾರೆ ಮೇಷ್ಟ್ರೇ, ಒಳ್ಳೇ ಪ್ರಶ್ನೆ. 1985ರಲ್ಲಿ ಅಮೆರಿಕದಲ್ಲಿ ಆಪರೇಷನ್ ಎವರೆಸ್ಟ್ 2 ಅಂತ ಒಂದು ಪ್ರಯೋಗ ನಡೆಯಿತು. ಬೆಟ್ಟ ಇಲ್ಲ, ಹಿಮ ಇಲ್ಲ. ಒಂದು ಲೋಹದ ಕೋಣೆ. ಅದರೊಳಗಿನ ಗಾಳಿಯ ಒತ್ತಡವನ್ನು 40 ದಿನ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಎವರೆಸ್ಟ್ ತುದಿಯ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದ ಮೂರನೇ ಒಂದು ಭಾಗಕ್ಕೆ ತಂದರು. ಒಳಗೆ ಬೆಚ್ಚಗಿತ್ತು. ಬೇಕಾದ್ದು, ಬೇಕಾದಷ್ಟು ತಿನ್ನಬಹುದಿತ್ತು. ಆದರೂ ಕೊನೆಯವರೆಗೆ ಉಳಿದ ಆರು ಜನರ ಊಟ ದಿನಕ್ಕೆ 3,100 ಕ್ಯಾಲೊರಿ ಆಸುಪಾಸಿನಿಂದ 1,800ಕ್ಕೆ ಇಳಿಯಿತು. ಸರಾಸರಿ ಏಳು ಕೆಜಿಗೂ ಜಾಸ್ತಿ ತೂಕ ಹೋಯಿತು. ಸ್ಕ್ಯಾನ್ ಮಾಡಿ ನೋಡಿದರೆ ಅದರ ದೊಡ್ಡ ಪಾಲು ಕೊಬ್ಬಲ್ಲ. ಫೌಜಿ ಸರ್ ಪ್ಯಾಂಟು ಹೇಳಿದ್ದನ್ನೇ ಯಂತ್ರವೂ ಹೇಳಿತು.

ದಪ್ಪ ಇರುವವರ ಮೇಲೂ ನೋಡಿದ್ದಾರೆ. ಜರ್ಮನಿಯ ತ್ಸುಗ್‌ಸ್ಪಿಟ್ಸೆ ಬೆಟ್ಟದಲ್ಲಿ, 2,650 ಮೀಟರ್ ಎತ್ತರದ ಒಂದು ಸಂಶೋಧನಾ ಕೇಂದ್ರಕ್ಕೆ 20 ಗಂಡಸರನ್ನು ಒಂದು ವಾರ ಕರೆದೊಯ್ದರು. 2010ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡುವ ಹಾಗಿಲ್ಲ, ನಿಧಾನ ಓಡಾಟ ಮಾತ್ರ. ಊಟಕ್ಕೆ ಕಟ್ಟುಪಾಡಿಲ್ಲ. ಸುಮಾರು ಒಂದೂವರೆ ಕೆಜಿ ಇಳಿದರು. ಊಟ ತಾನಾಗೇ ಕಡಿಮೆ ಆಗಿತ್ತು, ಕೂತಲ್ಲೇ ದೇಹ ಖರ್ಚು ಮಾಡುವ ಶಕ್ತಿ ಸ್ವಲ್ಪ ಏರಿತ್ತು. ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನೂ ಏರಿತ್ತು. ಲೆಪ್ಟಿನ್ ಜೀನ್‌ನ ಸ್ವಿಚ್ ಕೂಡ ಹಿಫ್ ಕೈಯಲ್ಲೇ ಇದೆ ಅನ್ನೋದು ಇಲ್ಲಿ ಮಜಾ. ಆದರೆ ಎಲ್ಲ ಪ್ರಯೋಗದಲ್ಲೂ ಲೆಪ್ಟಿನ್ ಹೀಗೇ ಏರಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಇಳಿಯೋದೇ ಹೆಚ್ಚು ನಂಬಿಕೆಯ ಕಾರಣ ಅಂತ ನನ್ನ ಅನಿಸಿಕೆ.

ಡೆನ್ವರ್ ಕನ್ನಡಿಗ · ಮಂಗಳವಾರ ಬೆಳಿಗ್ಗೆ 8:20

ನಾನಿರೋ ಊರು 1,609 ಮೀಟರ್, ಸರಿಯಾಗಿ ಒಂದು ಮೈಲಿ ಎತ್ತರ. ಅಮೆರಿಕದಲ್ಲಿ ಬೊಜ್ಜು ಕಡಿಮೆ ಇರುವ ರಾಜ್ಯ ಅಂದರೆ ವರ್ಷವರ್ಷವೂ ಕೊಲೊರಾಡೊ ಹೆಸರೇ ಮುಂದೆ ಇರುತ್ತದೆ. ಎತ್ತರದ ಮಹಿಮೆ ಅಂತ ಇಲ್ಲಿಯವರು ಕೊಚ್ಚಿಕೊಳ್ಳುತ್ತಾರೆ. ಇಲ್ಲಿಗೆ ಬಂದು ಏಳು ವರ್ಷದಲ್ಲಿ ನಾನು ಎಂಟು ಕೆಜಿ ಏರಿದ್ದೇನೆ. ಯುಗಾದಿಯ ಹೋಳಿಗೆಗೆ ಎತ್ತರ ಗೊತ್ತಾಗಲ್ಲ.

ಲೆಕ್ಕದ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 9:00

ಬೆಟ್ಟ ಹತ್ತೋರು, ಸ್ಕೀ ಮಾಡೋರು, ಹರೆಯದವರೇ ಅಂಥ ಊರಿಗೆ ಹೋಗಿ ನೆಲೆಸಿದರೆ ಬೊಜ್ಜು ಕಡಿಮೆ ಇರೋದರಲ್ಲಿ ಆಶ್ಚರ್ಯ ಏನಿದೆ? ಎತ್ತರ ಅವರನ್ನು ತೆಳ್ಳಗೆ ಮಾಡಿತೋ, ತೆಳ್ಳಗಿದ್ದವರೇ ಎತ್ತರಕ್ಕೆ ಹೋದರೋ?

ಇಲಿಬೋನು · ಮಂಗಳವಾರ ಬೆಳಿಗ್ಗೆ 11:45

ಅದಕ್ಕೇ ಸೈನಿಕರ ಲೆಕ್ಕ ಚೆನ್ನಾಗಿದೆ. ಸೈನಿಕ ಊರು ಆರಿಸಲ್ಲ, ಸರ್ಕಾರ ಕಳಿಸುತ್ತದೆ. ಅಮೆರಿಕದ ಸೇನೆಯ ಸುಮಾರು 98,000 ಜನರ ದಾಖಲೆ ನೋಡಿದ ಅಧ್ಯಯನ 2014ರಲ್ಲಿ ಬಂತು. ಎಲ್ಲರೂ ಮೊದಲೇ ತೂಕ ಜಾಸ್ತಿ ಇದ್ದವರು. 1,960 ಮೀಟರ್‌ಗಿಂತ ಮೇಲೆ ಪೋಸ್ಟಿಂಗ್ ಆದವರು ಬೊಜ್ಜಿನ ಗಡಿ ದಾಟುವ ಪ್ರಮಾಣ, 980 ಮೀಟರ್‌ಗಿಂತ ಕೆಳಗೆ ಇದ್ದವರಿಗಿಂತ 41% ಕಡಿಮೆ ಇತ್ತು.

ಲೆಕ್ಕದ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ 12:10

ಒಪ್ಪಿದೆ. ಹಾಗಾದರೆ ನಮ್ಮ ಲೆಕ್ಕ ಇದು. ಬೆಂಗಳೂರು ಸುಮಾರು 920 ಮೀಟರ್, "ತಗ್ಗು" ಗುಂಪು. ಮಡಿಕೇರಿ, ಚಿಕ್ಕಮಗಳೂರು ನಡುವೆ ಎಲ್ಲೋ. ಮುಳ್ಳಯ್ಯನಗಿರಿಯ ತುತ್ತತುದಿ 1,930. ಅಂದರೆ ಕರ್ನಾಟಕದ ಅತಿ ಎತ್ತರದ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಕೂತರೂ ಆ "ಎತ್ತರ" ಗುಂಪಿಗೆ ಸೇರಲು 30 ಮೀಟರ್ ಸಾಲದು. ಹೋಂಸ್ಟೇಯವರು ಈ ಅಧ್ಯಯನ ತೋರಿಸಿ ಪ್ಯಾಕೇಜ್ ಮಾರಲು ಬಂದರೆ ನೆನಪಿರಲಿ.

ಜಿಮ್ ಹುಡುಗ · ಮಂಗಳವಾರ ರಾತ್ರಿ 8:15

ಅಣ್ಣಂದಿರಾ, ನಮ್ಮ ಜಿಮ್‌ನಲ್ಲಿ ಎತ್ತರದ ಎಫೆಕ್ಟ್ ಕೊಡೋ ಮಾಸ್ಕ್ ಅಂತ 2,800 ರೂಪಾಯಿಗೆ ಕೊಟ್ಟರು. ಹಾಕಿಕೊಂಡು ಟ್ರೆಡ್‌ಮಿಲ್ ಓಡಿದರೆ ಲಡಾಖ್ ಥರ ಕೊಬ್ಬು ಕರಗುತ್ತಂತೆ. ಎರಡು ತಿಂಗಳಾಯ್ತು, ಏನೂ ಇಲ್ಲ.

ಇಲಿಬೋನು · ಮಂಗಳವಾರ ರಾತ್ರಿ 8:40

ತಮ್ಮಾ, ಆ ಮಾಸ್ಕ್ ಗಾಳಿ ಎಳೆದುಕೊಳ್ಳೋದನ್ನು ಕಷ್ಟ ಮಾಡುತ್ತದೆ ಅಷ್ಟೇ. ಒಳಗೆ ಬರೋದು ಅದೇ 21% ಆಕ್ಸಿಜನ್ ಇರುವ ತಗ್ಗಿನ ಗಾಳಿ. ಉಸಿರಾಟದ ಸ್ನಾಯುಗಳಿಗೆ ಸ್ವಲ್ಪ ವ್ಯಾಯಾಮ ಆಗಬಹುದು. ಲಡಾಖ್ ಅಂತೂ ಬರಲ್ಲ.

ರಾತ್ರಿಪಾಳಿ · ಬುಧವಾರ ಮುಂಜಾನೆ 3:25

ಎಲ್ಲರೂ ಬೆಟ್ಟ ಹತ್ತಿ ಕೂತಿದ್ದೀರಿ, ಆ ಅಣ್ಣನನ್ನು ಮರೆತಿರಿ. ನಾನು ನಿದ್ರೆ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ಈಗಲೂ ಗಾಜಿನ ಆಚೆ ಒಬ್ಬರು ಮಲಗಿದ್ದಾರೆ. ತಲೆಗೆ ವೈರ್, ಎದೆಗೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಕೆಂಪು ದೀಪ. ನನ್ನ ಸ್ಕ್ರೀನಿನಲ್ಲಿ ಅವರ ಆಕ್ಸಿಜನ್ ಗೆರೆ 94ರಿಂದ 81ಕ್ಕೆ ಜಾರುತ್ತದೆ. ಒಂದು ಕೆನೆತ. ಮತ್ತೆ 95. ಅರ್ಧ ನಿಮಿಷ ಸುಮ್ನೆ. ಮತ್ತೆ ಜಾರುತ್ತದೆ. ಗರಗಸದ ಹಲ್ಲಿನ ಹಾಗೆ ರಾತ್ರಿಯಿಡೀ.

ಚಾರಣಿಗರೇ, ನಿಮ್ಮ ಅತ್ತಿಗೆ ಹೇಳಿದ್ದು ಪುಸ್ತಕದಲ್ಲಿ ಬರೆದಿಟ್ಟ ಹಾಗಿದೆ. ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಉಸಿರು ನಿಂತರೆ, ಅಥವಾ ತೀರಾ ಕುಗ್ಗಿ ಆಕ್ಸಿಜನ್ ಇಳಿದರೆ ಒಂದು ಅಂತ ಎಣಿಸುತ್ತೇವೆ. ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ.

ನಿಮ್ಮ ಪ್ರಶ್ನೆಗೆ ಉತ್ತರ ಆ ಗರಗಸದಲ್ಲೇ ಇದೆ. ಲೇಹ್‌ನಲ್ಲಿ ನಿಮ್ಮ ಆಕ್ಸಿಜನ್ ಕಡಿಮೆಯಾಗಿ ಅಲ್ಲೇ ಉಳಿಯಿತು, ದೇಹ ಹೊಂದಿಕೊಂಡಿತು. ಅಣ್ಣನಿಗೆ ಬೀಳೋದು, ಏಳೋದು, ಬೀಳೋದು, ಏಳೋದು. ಪ್ರತಿ ಸಲವೂ ದೇಹಕ್ಕೆ ಯಾರೋ ಕತ್ತು ಹಿಸುಕಿದ ಅನುಭವ. ಅಡ್ರಿನಲಿನ್ ಸುರಿಯುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ, ಕೊಬ್ಬಿನ ಕೋಶ ಕೊಬ್ಬಿನಾಮ್ಲ ಬಿಡುತ್ತದೆ. ಓಡಿ ಹೋಗೋಕೆ ಸಿದ್ಧತೆ, ಆದರೆ ಮನುಷ್ಯ ಮಲಗಿದ್ದಾನೆ! ಇನ್ಸುಲಿನ್ ಮಾತು ಕೇಳುವವರೇ ಇಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 13 ಜನ ಆರೋಗ್ಯವಂತರನ್ನು ಎಚ್ಚರ ಇದ್ದಾಗಲೇ ಐದು ಗಂಟೆ ಹೀಗೆ ಆಕ್ಸಿಜನ್ ಏರಿಳಿಸಿ ನೋಡಿದರು. 2009ರ ಪ್ರಯೋಗ. ಐದೇ ಗಂಟೆಯಲ್ಲಿ ಇನ್ಸುಲಿನ್ ಪರಿಣಾಮ 17% ಕುಗ್ಗಿತು.

ಆದರೂ ಒಂದು ಮಾತು ನೇರವಾಗಿ ಹೇಳುತ್ತೇನೆ. "ಆಕ್ಸಿಜನ್ ಕಡಿಮೆಯಾಗಿಯೇ ದಪ್ಪ ಆದ" ಅನ್ನೋದನ್ನು ನಾನು ಒಪ್ಪಲ್ಲ. ದಪ್ಪ ಆದದ್ದರಿಂದ ಗಂಟಲು ಮುಚ್ಚಿತು ಅನ್ನೋ ದಾರಿ ಗಟ್ಟಿ. ಕತ್ತು, ನಾಲಿಗೆಯಲ್ಲೂ ಕೊಬ್ಬು ಸೇರುತ್ತದೆ. ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ತೂಕ 10% ಏರಿದವರಲ್ಲಿ ಉಸಿರು ನಿಲ್ಲುವ ಲೆಕ್ಕ 32% ಏರಿತ್ತು, 10% ಇಳಿದವರಲ್ಲಿ 26% ಇಳಿದಿತ್ತು. ತಿರುಗುದಾರಿಯೂ ಇದೆ, ಆದರೆ ಕಿರಿದು. ನಿದ್ದೆ ಕೆಟ್ಟವನು ಹಗಲು ಕೂತಲ್ಲೇ ತೂಕಡಿಸುತ್ತಾನೆ, ನಡೆಯಲ್ಲ, ಸಿಹಿ ಕರಿದದ್ದು ಹುಡುಕುತ್ತಾನೆ. ಮಾಸ್ಕ್ ಮೂಲಕ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರ ಹಾಕಿ ರಾತ್ರಿಯ ಆಕ್ಸಿಜನ್ ಸರಿ ಮಾಡಿದರೆ ತೂಕ ಇಳಿಯಬೇಕಿತ್ತು ಅಲ್ವಾ? ಇಳಿಯಲ್ಲ. ಹಲವು ಪ್ರಯೋಗ ಒಟ್ಟು ಸೇರಿಸಿ ನೋಡಿದರೆ ಅರ್ಧ ಕೆಜಿಯಷ್ಟು ಏರಿದೆ. ರಾತ್ರಿಯಿಡೀ ಉಸಿರಿಗಾಗಿ ಗುದ್ದಾಡುವ ಖರ್ಚು ಉಳಿಯಿತಲ್ಲ, ಅದೂ ಒಂದು ಕಾರಣ ಅಂತಾರೆ. ಹಾಗಂತ ಸಿಪ್ಯಾಪ್ ಬೇಡ ಅನ್ನಬೇಡಿ. ಅದು ನಿದ್ದೆಗೆ, ಬಿಪಿಗೆ. ತೂಕಕ್ಕೆ ಬೇರೆ ದಾರಿ. ಅಪ್ನಿಯಾ ಜೊತೆ ಬೊಜ್ಜೂ ಇರುವವರಿಗೆ ಟಿರ್ಜೆಪಟೈಡ್ ಇಂಜೆಕ್ಷನ್ ಕೊಡಲು ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಡಾಕ್ಟರ್ ನೋಡಿ ಹೇಳಬೇಕಾದ ವಿಷಯ.

ಅವರು ಗಾಡಿ ಓಡಿಸುತ್ತಾರೆ ಅಂದಿರಿ. ಪರೀಕ್ಷೆ ಆಗೋವರೆಗೆ ರಾತ್ರಿ ಟ್ರಿಪ್ ಬೇಡ. ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ತುಮಕೂರು ಚಾರಣಿಗ · ಬುಧವಾರ ಬೆಳಿಗ್ಗೆ 7:10

ಮೇಡಂ, ಓದಿ ಕೈ ನಡುಗಿತು. ಹೋದ ವಾರವಷ್ಟೇ ಶಿರಾ ಹತ್ತಿರ ಡಿವೈಡರ್‌ಗೆ ಉಜ್ಜಿಕೊಂಡು ಬಂದಿದ್ದ. "ನಾಯಿ ಅಡ್ಡ ಬಂತು" ಅಂದಿದ್ದ. ಇವತ್ತೇ ಮಾತಾಡುತ್ತೇನೆ.

ಡೆನ್ವರ್ ಕನ್ನಡಿಗ · ಬುಧವಾರ ಬೆಳಿಗ್ಗೆ 8:05

ಒಂದು ಉಪಪ್ರಶ್ನೆ. ಕೊಬ್ಬಿನ ಕೋಶಗಳೇ ಉಸಿರುಗಟ್ಟುತ್ತವೆ, ಅದರಿಂದ ಸಕ್ಕರೆ ಕಾಯಿಲೆ ಬರುತ್ತೆ ಅಂತ ಎಲ್ಲೋ ಕೇಳಿದ್ದೆ. ನಿಜವಾ?

ಇಲಿಬೋನು · ಬುಧವಾರ ರಾತ್ರಿ 9:30

ಇದು ನನ್ನ ಪ್ರೀತಿಯ ಜಗಳ. ಬೆಂಗಳೂರಿನ ಹೊಸ ಬಡಾವಣೆ ನೆನೆಸಿಕೊಳ್ಳಿ. ಮನೆ ಮೇಲೆ ಮನೆ ಏಳುತ್ತದೆ, ಕಾವೇರಿ ಪೈಪ್ ಬರಲ್ಲ. ದಪ್ಪಗಾದಾಗ ಕೊಬ್ಬಿನ ಕೋಶ ಊದಿ 150 ಮೈಕ್ರೋಮೀಟರ್ ದಾಟಬಹುದು, ನಮ್ಮ ಕೂದಲೆಳೆಗಿಂತ ದಪ್ಪ. ರಕ್ತನಾಳದಿಂದ ಆಕ್ಸಿಜನ್ ಸೋಸಿ ಹೋಗುವ ದೂರವೇ ಹೆಚ್ಚುಕಡಿಮೆ ಅಷ್ಟು. ಹಾಗಾಗಿ ಕೊನೆಯ ಮನೆಗೆ ನೀರಿಲ್ಲ. ದಪ್ಪ ಇಲಿಗಳಲ್ಲಿ ಇದನ್ನು 2007ರ ಸುಮಾರಿಗೆ ಅಳೆದು ತೋರಿಸಿದರು. ಅಲ್ಲಿ ಹಿಫ್ ರಾಶಿ ಬೀಳುತ್ತದೆ. ಇಲಿಯಲ್ಲಿ ಅದು ರಕ್ತನಾಳ ಬೆಳೆಸುವ ಕೆಲಸ ಸರಿಯಾಗಿ ಮಾಡದೆ, ನಾರು ಕಟ್ಟಿಸಿ ಉರಿಯೂತ ಎಬ್ಬಿಸುತ್ತದೆ. ಒಳ್ಳೇ ಹಾರ್ಮೋನ್ ಅಡಿಪೊನೆಕ್ಟಿನ್ ಇಳಿಯುತ್ತದೆ. ಕೊಬ್ಬಿನಲ್ಲಿ ಹಿಫ್ ಜೀನ್ ತೆಗೆದ ಇಲಿಗಳು ಎಣ್ಣೆ ಮೇವು ತಿಂದರೂ ಇನ್ಸುಲಿನ್ ಮಾತು ಚೆನ್ನಾಗೇ ಕೇಳುತ್ತವೆ. ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಆಮೇಲೆ 2011ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನವರು ಮನುಷ್ಯರ ಹೊಟ್ಟೆಯ ಕೊಬ್ಬಿನಲ್ಲಿ ಅಳೆದರು. ದಪ್ಪ ಇದ್ದವರಲ್ಲಿ ರಕ್ತದ ಹರಿವು ಕಡಿಮೆ ಇತ್ತು, ಸರಿ. ಆದರೆ ಆಕ್ಸಿಜನ್ ಒತ್ತಡ ತೆಳ್ಳಗಿನವರಿಗಿಂತ ಜಾಸ್ತಿ! ಯಾಕೆ? ಆ ಕೊಬ್ಬು ಆಕ್ಸಿಜನ್ ಬಳಸೋದನ್ನೇ ಕಡಿಮೆ ಮಾಡಿತ್ತು. ಬೀದಿಗೆ ಬರೋ ನೀರು ಕಡಿಮೆ, ಆದರೂ ಪೈಪಿನಲ್ಲಿ ಒತ್ತಡ ಜಾಸ್ತಿ. ಮನೆಗಳಲ್ಲಿ ನಲ್ಲಿ ತಿರುಗಿಸುವವರೇ ಇಲ್ಲ. ಇಲಿ ನಂಬಿ ಎಂಟು ವರ್ಷ ಊಟ ಮಾಡಿದ ನಾನೇ ಹೇಳುತ್ತಿದ್ದೇನೆ, ಇಲ್ಲಿ ಇಲಿಯನ್ನು ಪೂರ್ತಿ ನಂಬಬೇಡಿ.

ಕಾಫಿತೋಟ · ಗುರುವಾರ ಬೆಳಿಗ್ಗೆ 6:40

ಮಾವನವರಿಗೆ ಕಿಡ್ನಿ ತೊಂದರೆ. ರಕ್ತ ಕಡಿಮೆ ಅಂತ ಇಂಜೆಕ್ಷನ್ ಬದಲು ಡೆಸಿಡುಸ್ಟಾಟ್ ಮಾತ್ರೆ ಬರೆದಿದ್ದಾರೆ. ಹಿಫ್ ಮೇಲೆ ಕೆಲಸ ಮಾಡುತ್ತೆ ಅಂದರು. ಇದೇ ಹಿಫ್ಫಾ?

ಇಲಿಬೋನು · ಗುರುವಾರ ಬೆಳಿಗ್ಗೆ 7:30

ಇದೇ. ರದ್ದಿಯವನಿಗೆ ರಜೆ ಕೊಡುವ ಮಾತ್ರೆ. ಆಕ್ಸಿಜನ್ ಇದ್ದರೂ ಇಲ್ಲ ಅಂದುಕೊಂಡು ದೇಹ ರಕ್ತ ಜಾಸ್ತಿ ಮಾಡುತ್ತದೆ. ನಮ್ಮ ದೇಶದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಯಾರೂ ಇದನ್ನು ತೂಕಕ್ಕೆ ಅಂತ ತಗೋಬೇಡಿ ಮತ್ತೆ. ಈ ಜಾತಿಯ ಮಾತ್ರೆಗಳಿಗೆ ರಕ್ತ ಹೆಪ್ಪುಗಟ್ಟುವ ಅಪಾಯದ ಎಚ್ಚರಿಕೆ ಇದೆ.

ತುಮಕೂರು ಚಾರಣಿಗ · ಆರು ವಾರದ ನಂತರ, ಶನಿವಾರ ಸಂಜೆ 5:20

ಅಣ್ಣನ ಪರೀಕ್ಷೆ ಆಯಿತು. ಗಂಟೆಗೆ 44 ಸಲ. ಆಕ್ಸಿಜನ್ ಕೆಳಗೆ ಬಂದದ್ದು 72ರವರೆಗೆ. ಲೇಹ್‌ನಲ್ಲಿ ನನ್ನ 86 ನೋಡಿ ನಾನು ಗಾಬರಿಯಾಗಿ ಫೋಟೊ ತೆಗೆದಿದ್ದೆ, ಇವನು ಬೆಟ್ಟ ಹತ್ತದೆ ದಿನಾ ಅದಕ್ಕಿಂತ ಮೇಲೆ ಹೋಗಿ ಬರುತ್ತಿದ್ದ. ಸಿಪ್ಯಾಪ್ ಹಾಕಿ ಮೂರು ವಾರ. ಮೊದಲ ನಾಲ್ಕು ದಿನ ಕಿತ್ತು ಬಿಸಾಕಿದ. ಮಗಳು "ಅಪ್ಪ ಆನೆ ಥರ ಕಾಣ್ತಾರೆ" ಅಂದಿದ್ದಕ್ಕೆ ಸಿಟ್ಟು. ಮಾಸ್ಕ್ ಸೈಜ್ ಬದಲಿಸಿದ ಮೇಲೆ ಸರಿಹೋಯಿತು. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗುರುತು ಇರುತ್ತದೆ. ಎಂಟು ಗಂಟೆಯ ಟಿವಿ ಪೂರ್ತಿ ನೋಡುತ್ತಿದ್ದಾನೆ. ತೂಕ 103 ಇದ್ದದ್ದು 103ರಲ್ಲೇ ಇದೆ, ಮೇಡಂ ಹೇಳಿದ್ದೇ ಸರಿ. ಅದಕ್ಕೆ ಬೇರೆ ಡಾಕ್ಟರ್ ನೋಡುತ್ತಿದ್ದಾರೆ. ಆ ನಾಯಿ ಅಡ್ಡ ಬಂದಿರಲಿಲ್ಲ, ಕಣ್ಣು ಮುಚ್ಚಿತ್ತು ಅಂತ ಮೊನ್ನೆ ಒಪ್ಪಿಕೊಂಡ.

ಒಂದು ಪ್ರಶ್ನೆ. ಮುಂದಿನ ವಾರ ಹಳ್ಳಿಯಲ್ಲಿ ದೇವರ ಕಾರ್ಯ. ರಾತ್ರಿ ಕರೆಂಟ್ ಹೋಗುತ್ತದೆ. ಇನ್ವರ್ಟರ್ ಮೇಲೆ ಈ ಯಂತ್ರ ನಡೆಯುತ್ತಾ?

ರಾತ್ರಿಪಾಳಿ · ಭಾನುವಾರ ಮುಂಜಾನೆ 2:50

ನಡೆಯುತ್ತದೆ. ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆಫ್ ಮಾಡಿ, ಜಾಸ್ತಿ ಕರೆಂಟ್ ತಿನ್ನೋದು ಅದೇ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇದೆಯಾ ಅಂತ ನೋಡಿಕೊಳ್ಳಿ. ಅಂಗಾತ ಮಲಗೋದು ಬೇಡ, ಮಗ್ಗುಲಾಗಿ ಮಲಗಲಿ.

ಲೆಕ್ಕದ ಮೇಷ್ಟ್ರು · ಭಾನುವಾರ ಬೆಳಿಗ್ಗೆ 8:00

ಅಣ್ಣನ ತೂಕ ಬರೆದಿರಿ. ನಿಮ್ಮದು?

ತುಮಕೂರು ಚಾರಣಿಗ · ಭಾನುವಾರ ಬೆಳಿಗ್ಗೆ 8:25

83.4. ಬೆಲ್ಟ್ ಹಳೇ ತೂತಿಗೇ ಬಂತು ಮೇಷ್ಟ್ರೇ.